ಆ ಫೋನು ನಿನ್ನದೇ ಆಗಲಿ

ಬ್ರೂಸ್‌ಪೇಟೆ, ಬಳ್ಳಾರಿ
12 ಫೆಬ್ರವರಿ 2025, ಬುಧವಾರ

ಶ್ರೀಮದ್ ಅಖಂಡ ಬಾದನಹಟ್ಟಿ ನ್ಯಾಯಪೀಠಾಧೀಶ್ವರಿ, ಮುರಿದ ಸಂಸಾರ ಜೋಡಣಾ ಚಕ್ರವರ್ತಿನಿ, ಅಕ್ಕಿ ಕೊಬ್ಬರಿ ಕುಪ್ಪಸವಸ್ತ್ರ ಪ್ರದಾನಪ್ರವೀಣೆ, ಹೊಡೆತ ತಿಂದು ಬಂದ ಹೆಣ್ಣುಮಕ್ಕಳನ್ನು ಗಂಡನ ಮನೆಗೆ ವಾಪಸು ಮುಟ್ಟಿಸುವುದರಲ್ಲಿ ಸರ್ಕಾರಿ ಬಸ್ಸನ್ನೂ ಹಿಂದಿಕ್ಕಿದ ದಿಗ್ವಿಜಯಶಾಲಿನಿ, ದಿವಂಗತ ಹೊನ್ನೂರಪ್ಪನವರ ಧರ್ಮಪತ್ನಿ, ನನ್ನ ಹೆತ್ತವ್ವ ಈರಮ್ಮನವರ ದಿವ್ಯ ಸನ್ನಿಧಾನಕ್ಕೆ, ಕಿರಿಮಗಳು, ಪೇಪರಿನಾಕಿ, ಹುಡುಗಾಟದ ಗೌತಮಿ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಇಷ್ಟು ಒತ್ತಕ್ಷರ ಬೇಕಂತಲೇ ಹಾಕಿದ್ದೇನೆ. ರಾತ್ರಿ ಸಾಲಿಯಲ್ಲಿ ಅಪ್ಪ ನಿನಗೆ ಅಕ್ಷರ ಕಲಿಸುವಾಗ ಒತ್ತಕ್ಷರ ಬಂದ ದಿನ ನೀನು ಸ್ಲೇಟು ಬಿಸಾಕಿ ಎದ್ದು ಹೋಗಿದ್ದೆಯಂತೆ. ಆದಕಾರಣ ಮೇಲಿನ ಬಿರುದುಗಳನ್ನು ಓದಿ ಮುಗಿಸುವುದೇ ನಿನಗೆ ಶಿಕ್ಷೆ ಎಂದು ಈ ನ್ಯಾಯಾಲಯ ತೀರ್ಮಾನಿಸಿದೆ. ಇನ್ನು ಮುಂದೆ ಹಗುರಾಗಿ ಬರೆಯುತ್ತೇನೆ. ಶೇಖರನ ಕೈಗೆ ಕೊಟ್ಟು ಓದಿಸಬೇಡ. ನಿನ್ನ ಮಗ ಒಳ್ಳೆಯವನೇ, ಆದರೆ ಅರ್ಧ ನುಂಗಿ ಅರ್ಧ ಹೇಳುತ್ತಾನೆ. ನೀನೇ ಓದು, ಬೆರಳಿಟ್ಟುಕೊಂಡು ಓದು. ಫೋನು ಮಾಡೋಣವೆಂದರೆ ನನ್ನ ಹೆಸರು ಕಂಡ ಕೂಡಲೇ ಕಟ್ ಮಾಡುತ್ತೀ. ಅದಕ್ಕೇ ಈ ಕಾಗದವನ್ನು ಕುರುಗೋಡು ಬಸ್ಸಿನ ಕಂಡಕ್ಟರ್ ಎರ್ರಿಸ್ವಾಮಿಯ ಕೈಯಲ್ಲಿ ಕಳಿಸುತ್ತಿದ್ದೇನೆ.

ಅಕ್ಕ ಚೆಂದ ಇದ್ದಾಳೆ ಎಂದು ಬರೆಯುವುದು ಕಾಗದದ ಮರ್ಯಾದೆ. ಆ ಮರ್ಯಾದೆ ನನ್ನಿಂದಾಗುತ್ತಿಲ್ಲ. ಬಳೆ ಅಂಗಡಿಯ ಮೇಲಿನ ನನ್ನ ಕೋಣೆಯಲ್ಲಿ ಈಗ ಅವಳು, ಅವಳ ಮಗಳು ಚಿನ್ನಿ, ನಾನು. ಬಿಸಿಲು ಈಗಲೇ ಶುರು ಹಚ್ಚಿಕೊಂಡಿದೆ. ಅಕ್ಕ ಪ್ರತಿ ಸಲ ಕೇಳುತ್ತಾಳೆ, ಫ್ಯಾನ್ ಹಾಕ್ಲೇನ ಗೌತಮಿ ಅಂತ. ಮೊದಮೊದಲು ನಾನು, ಹಂಗೆಲ್ಲ ಹಾಕಾಕ ಬರಂಗಿಲ್ಲ, ಮಾನ್ಯರಲ್ಲಿ ವಿನಂತಿ ಅಂತ ಅರ್ಜಿ ಬರದು ಕೊಡು, ಪರಿಶೀಲಿಸಿ ತಿಳಿಸ್ತೀವಿ ಅಂದೆ. ಅವಳು ಎದ್ದು ಹೋಗಿ ನನ್ನ ಮೇಜಿನ ಮೇಲೆ ಪೆನ್ನು ಹುಡುಕಿದಳು ಅವ್ವಾ. ನಗಲಿಲ್ಲ. ಹುಡುಕಿದಳು.

ಚಿನ್ನಿಯದು ಇನ್ನೊಂದು ವಿದ್ಯೆ. ಉಣ್ಣುವಾಗ ಬಾಗಿಲು ಬಡಿದ ಸದ್ದಾದರೆ, ಬಂದವನು ಹಾಲಿನವನಾದರೂ ಸರಿ, ತಾಟು ಎತ್ತಿಕೊಂಡು ಮಂಚದ ಕೆಳಗೆ ಸೇರುತ್ತದೆ. ಯಾಕಲೇ ಅಂದರೆ, ಹೊರಗಿಟ್ರ ಅಪ್ಪ ಒದೀತಾನ, ಆಮ್ಯಾಲ ಅನ್ನ ಆರಿಸಬೇಕಾಗ್ತತಿ ಅಂತು. ಸಾಲಿಗೆ ಹಾಕುವ ಮುಂಚೆಯೇ ನಿನ್ನ ಮೊಮ್ಮಗಳು ಇಷ್ಟು ಕಲಿತಿದ್ದಾಳೆ. ಅಜ್ಜಿಯಾದವಳು ಹೆಮ್ಮೆಪಡಬೇಕು.

ಈಗ ಆ ಕೈಯ ವಿಷಯಕ್ಕೆ ಬರುತ್ತೇನೆ. ನೀನು ಮುಖ ತಿರುಗಿಸುತ್ತೀ ಅಂತ ಗೊತ್ತು. ಕಾಗದ ಮಾತ್ರ ಕೆಳಗಿಡಬೇಡ.

ಅಕ್ಕನ ಮದುವೆಯಾದ ಮಾರನೇ ವರ್ಷ, ಬೇಸಿಗೆಯಲ್ಲಿ, ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಸಿರುಗುಪ್ಪದಿಂದ ಬಸ್ಸಿಗೆ ಬಂದಿದ್ದಳು. ನಿನ್ನ ಅಳಿಯ ಹುಲುಗೇಶಪ್ಪನವರು, ರೈಸ್ ಮಿಲ್ಲಿನ ಗೌರವಾನ್ವಿತ ಸೂಪರ್‌ವೈಜರು, ಸಾರಿಗೆ ಉಪ್ಪು ಜಾಸ್ತಿಯಾಗಿದ್ದಕ್ಕೆ ನೀರಿನ ಪೈಪು ತಗೊಂಡು ನ್ಯಾಯ ನಿರ್ಣಯ ಮಾಡಿದ್ದರು. ಅಕ್ಕ ಅದನ್ನು ನಿನ್ನ ಮುಂದೆ ಒಂದೂ ಬಿಡದೆ ಹೇಳಿದಳು. ನೀನು ಕೇಳಿದೆ. ಅರಿಶಿಣ ಹಚ್ಚಿದೆ, ಕಣ್ಣೀರು ಹಾಕಿದೆ, ಕೈ ಕಟ್ಟಿಸಿಕೊಂಡು ಬಂದೆ. ಅಷ್ಟರಲ್ಲಿ ಪಕ್ಕದ ಮನೆಯ ಹನುಮಮ್ಮ ಇಣುಕಿ ಏನಾತಬೇ ಅಂದಾಗ ನೀನು ಏನಂದೆ? ಕಾಲುವಿ ಮೆಟ್ಟಿಲ ಮ್ಯಾಲ ಜಾರಿ ಬಿದ್ದಾಳ ಅಂದೆ. ಸಿರುಗುಪ್ಪದಾಗ ಮನಿ ಮುಂದ ನಳ ಐತಿ, ಈಕಿ ಕಾಲುವಿಗೆ ಯಾಕ ಹೋಗ್ತಾಳ ಅಂತ ಹನುಮಮ್ಮ ಕೇಳಲಿಲ್ಲ. ಅವಳ ಮಗಳೂ ಹಿಂದೊಮ್ಮೆ ಕಾಲುವೆಯಲ್ಲಿ ಜಾರಿದ್ದಳಲ್ಲ.

ಆಮೇಲೆ ನೀನು ಮಣೆ ಹಾಕಿದೆ. ಎಲ್ಲಿ? ಅಪ್ಪ ಬೌದ್ಧ ದೀಕ್ಷೆ ತಗೊಂಡು ಬಂದ ವರ್ಷ ಗೋಡೆಗೆ ಹಾಕಿದ ಬಾಬಾಸಾಹೇಬರ ಫೋಟೋದ ಕೆಳಗೆ. ಅವರು ಬೆರಳು ಎತ್ತಿ ತೋರಿಸುತ್ತಿದ್ದಾರಲ್ಲ, ಆ ಬೆರಳಿನ ಕೆಳಗೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣದ ಕೊಂಬು, ಹಸಿರು ಕುಪ್ಪಸದ ಬಟ್ಟೆ. ಉಡಿ ಒಡ್ಡಾಕ ಎರಡು ಕೈ ಬೇಕು. ಅಕ್ಕನಿಗೆ ಅವತ್ತು ಇದ್ದದ್ದು ಒಂದು. ಸೆರಗಿನ ಇನ್ನೊಂದು ತುದಿಯನ್ನು ಹಿಡಿದವಳು ನಾನು, ಪತ್ರಿಕೋದ್ಯಮ ಓದುತ್ತಿದ್ದ ನಿನ್ನ ಶಾಣ್ಯಾ ಮಗಳು. ನೀನು ತುಂಬುತ್ತಾ, ತಾಳ್ಕೋ ಯವ್ವಾ, ಗಂಡಸು ಬಿಸಿಯಿದ್ದಾಗ ಹಂಗ ಮಾಡ್ತಾನ, ಆರಿದ ಮ್ಯಾಲ ಅವನೇ ಅಳ್ತಾನ ಅಂದೆ. ಅಕ್ಕ, ಅಳ್ತಾನವ್ವಾ, ಅತ್ತು ಮತ್ತ ಹೊಡೀತಾನ ಅಂದಳು. ಅವಳ ಬಾಯಿಗೆ ನೀನು ಸಕ್ಕರೆ ಹಾಕಿದೆ. ಮಾತು ಅಲ್ಲಿಗೆ ಮುಗಿಯಿತು.

ನಿನ್ನ ಕೈಗುಣ ದೊಡ್ಡದು, ಒಪ್ಪುತ್ತೇನೆ. ಯಾರ ಮಗಳು ತವರಿಗೆ ಓಡಿ ಬಂದರೂ ಈರಮ್ಮನ್ನ ಕರೀರಿ ಅನ್ನುತ್ತಾರೆ. ನೀನು ಹೋಗುತ್ತೀ, ಎರಡು ಮಾತು ಆ ಕಡೆಗೆ, ಎರಡು ಮಾತು ಈ ಕಡೆಗೆ, ಉಡಿ ತುಂಬುತ್ತೀ, ಅವಳು ಸಂಜೆ ಬಸ್ಸಿಗೆ ಹೋಗುತ್ತಾಳೆ. ಹಿರಿಯರು ಮೀಸೆ ತಿರುವುತ್ತಾರೆ. ನನ್ನ ಉದ್ಯೋಗವೋ ಅದರ ಉಲ್ಟಾ. ಒಂದೇ ಮನೆಯಲ್ಲಿ ತಾಯಿ ಕಳಿಸುವ ಇಲಾಖೆ, ಮಗಳು ಕರೆತರುವ ಇಲಾಖೆ. ಎರಡೂ ಇಲಾಖೆಗಳ ನಡುವೆ ಪತ್ರ ವ್ಯವಹಾರ ಇರಲಿಲ್ಲ, ಇದೇ ಮೊದಲು.

ಹೋದ ವರ್ಷ ಕುರುಗೋಡಿನಲ್ಲಿ ನಮ್ಮ ಪೇಪರಿನ ಅಭಿಯಾನದ ಸಭೆ ಇತ್ತು, ನಿನಗೆ ಹೇಳಿರಲಿಲ್ಲ. ನಾನು ಮೈಕು ಹಿಡಿದು, ಮನೆಯೊಳಗಿನ ಹೊಡೆತಕ್ಕೂ ಕಾನೂನಿದೆ, ಕೌಟುಂಬಿಕ ದೌರ್ಜನ್ಯದ ಕಾಯ್ದೆ ಬಂದು ಇಪ್ಪತ್ತು ವರ್ಷವಾಗುತ್ತಾ ಬಂತು, ಹೊಡೆಯದಂತೆ ಆದೇಶ ತರಬಹುದು, ಮನೆಯಿಂದ ಹೊರಗೆ ಹಾಕದಂತೆ ಆದೇಶ ತರಬಹುದು, ಮಕ್ಕಳನ್ನು ಇಟ್ಟುಕೊಳ್ಳಬಹುದು ಅಂತ ಗಂಟಲು ಹರಿದುಕೊಂಡೆ. ಮುಂದಿನ ಸಾಲಿನಲ್ಲಿದ್ದ ಮಂಜಮ್ಮ ಅನ್ನುವಾಕೆ ಎದ್ದು ನಿಂತು, ಕಾಯ್ದೆ ಚೆಂದ ಐತ್ರಿ ಮೇಡಮ್ಮೋರೇ, ಆದ್ರ ನನ್ನ ಉಡಿ ತುಂಬಿ ಗಂಡನ ಮನಿಗೆ ಅಟ್ಟಿದಾಕಿ ನಿಮ್ಮವ್ವನೇ, ಮೊದಲು ಆಕಿಗೆ ಹೇಳಿ ಬರ್ರಿ ಅಂದಳು. ಸಭೆಯೆಲ್ಲ ನಕ್ಕಿತು. ನಾನು ಬಿಡುತ್ತೇನೆಯೇ, ನಮ್ಮವ್ವನ ಮ್ಯಾಲ ನೀವೇ ಅರ್ಜಿ ಹಾಕ್ರಿ, ಮೊದಲನೇ ಸಹಿ ನಂದು ಅಂದೆ. ಚಪ್ಪಾಳೆ ಬಿತ್ತು. ಸಭೆ ಮುಗಿದ ಮೇಲೆ ಅವಳ ಹತ್ತಿರ ಹೋಗಿ ಎಡಗಡೆ ನಿಂತು ಮಾತಾಡಿಸಿದೆ. ಈ ಕಡಿಂದ ಮಾತಾಡಬ್ಯಾಡ್ರಿ, ಈ ಕಿವಿ ಕೇಳಂಗಿಲ್ಲ, ಅವತ್ತು ನಿಮ್ಮವ್ವ ಕಳಿಸಿದ ಮ್ಯಾಲ ಹೋತು ಅಂದಳು. ಅದನ್ನು ಯಾವ ವರದಿಯಲ್ಲೂ ನಾನು ಬರೆಯಲಿಲ್ಲ.

ನಮ್ಮ ಅಭಿಯಾನ ಕೇಳುವುದು ದೊಡ್ಡದೇನಲ್ಲ. ಹೊಡೆತ ತಿಂದವಳ ದೂರು ಬರೆದುಕೊಂಡು ಕೋರ್ಟಿಗೆ ಮುಟ್ಟಿಸಲು ಸಂರಕ್ಷಣಾಧಿಕಾರಿ ಅಂತ ಇರುತ್ತಾರೆ. ಅವರಿಗೇ ಅಂಗನವಾಡಿ ಮೊಟ್ಟೆ, ಬೇಳೆ, ತೂಕದ ಯಂತ್ರ ಎಲ್ಲವೂ ಗಂಟುಬಿದ್ದಿದೆ. ಬೇರೆ ಯಾವ ಕೆಲಸವೂ ಇಲ್ಲದ ಒಬ್ಬರನ್ನು ತಾಲೂಕಿಗೊಬ್ಬರಂತೆ ಕೊಡಿ ಅನ್ನುತ್ತೇವೆ. ಜಿಲ್ಲಾಧಿಕಾರಿಗೆ ಮನವಿ ಕೊಟ್ಟೆವು. ಪರಿಶೀಲಿಸುತ್ತೇವೆ ಎಂದು ಸ್ವೀಕೃತಿ ಬಂತು. ಅದನ್ನು ನಾನು ಚೌಕಟ್ಟು ಹಾಕಿಸಿ ಪಾಯಖಾನೆಯ ಬಾಗಿಲಿಗೆ ನೇತುಹಾಕಿದ್ದೇನೆ. ಒಳಗೆ ಹೋದವರು ಹೊರಗಿರುವವರಿಗೆ ಅದನ್ನೇ ಹೇಳಬೇಕು.

ಹೀಗಿರುವಾಗ ಹೋದ ತಿಂಗಳ ಕೊನೆಯ ಶುಕ್ರವಾರ ಅಕ್ಕ ಚಿನ್ನಿಯನ್ನು ಕಂಕುಳಲ್ಲಿಟ್ಟುಕೊಂಡು ಬಳ್ಳಾರಿ ಬಸ್ಸು ಹತ್ತಿಬಿಟ್ಟಳು. ಸಂಪಾದಕರಾದ ಸಂಗಮೇಶ್ ಸರ್‌ಗೆ ವಿಷಯ ಹೇಳಿದ್ದೇ ತಡ, ಹೆಸರು ಬದಲಿಸಿ ಮುಖಪುಟಕ್ಕೆ ಹಾಕಿದರು: ‘ಅಭಿಯಾನದ ಫಲ: ದೌರ್ಜನ್ಯದ ಮನೆ ತೊರೆದ ಸಿರುಗುಪ್ಪದ ಮಹಿಳೆ’. ನಮ್ಮ ಲೇಖನಮಾಲೆ ಓದಿ ಧೈರ್ಯ ಬಂತು ಅಂತ ಆಕೆ ಹೇಳಿದಳಂತೆ. ಆಫೀಸಿನಲ್ಲಿ ಎಲ್ಲರಿಗೂ ಒಗ್ಗರಣಿ ಮಿರ್ಚಿ ಹಂಚಿದರು. ನಾನೂ ತಿಂದೆ.

ಅಕ್ಕ ಲೇಖನ ಓದಿರಲಿಲ್ಲ. ಅವಳ ಮನೆಗೆ ಪೇಪರು ಬರುವುದು ನಿಂತು ಬಹಳ ದಿನವಾಗಿದೆ, ನಾದಿನಿಯ ಹೆಸರು ಕಂಡರೆ ಅವನಿಗೆ ಆಗುವುದಿಲ್ಲ. ಅಕ್ಕ ಹೊರಬಿದ್ದದ್ದು ನಿನ್ನ ಫೋನಿಗೆ. ಮಧ್ಯಾಹ್ನ ಅವನು ಮಿಲ್ಲಿಗೆ ಹೋದ ಹೊತ್ತಿನಲ್ಲಿ ಅವ್ವ ಫೋನು ಮಾಡಿದಳು, ಸಾಕು ಮಗಳ, ಕೂಸನ್ನ ಕರ್ಕಂಡು ಗೌತಮಿ ಹತ್ರ ಬಂದುಬಿಡು, ಕೈ ಮುರಿದದ್ದು ನಾನೇ ಕೋರ್ಟಿನ್ಯಾಗ ಹೇಳ್ತೀನಿ ಅಂದಳು, ಹಂಗ ಬಂದೆ ಅಂತ ಅಕ್ಕ ಹೇಳಿದಳು. ಬಂದ ರಾತ್ರಿ ಅದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು ನೀನು. ಮದುವೆಗೆ ಮುಂಚೆ ಇದ್ದಳಲ್ಲ ನಂದಿನಿ, ಆ ನಂದಿನಿ. ಕರೆ ಬಂದದ್ದು ನಿನ್ನ ನಂಬರಿನಿಂದಲೇ, ಅವಳ ಫೋನಿನಲ್ಲಿ ನಾನೇ ನೋಡಿದ್ದೇನೆ.

ನಮ್ಮ ವಕೀಲರು, ವಾಲ್ಮೀಕಿ ಅಂತ, ಅರ್ಜಿ ಹಾಕಿದ್ದಾರೆ. ಬರುವ ಸೋಮವಾರ ಬಳ್ಳಾರಿ ಕೋರ್ಟಿನಲ್ಲಿ ವಿಚಾರಣೆ. ಅವನು ಅಕ್ಕನ ಹತ್ತಿರ ಸುಳಿಯಬಾರದು, ಚಿನ್ನಿಯನ್ನು ಕಿತ್ತುಕೊಂಡು ಹೋಗಬಾರದು ಎಂದು ಆದೇಶ ಬೇಕು. ನೀನು ಬಂದು, ಆ ಕೈ ನೋಡೀನಿ, ಯಾರು ಮುರಿದದ್ದು ಅಂತ ಅವತ್ತೇ ಹೇಳ್ಯಾಳ ಅಂದರೆ ನಮ್ಮ ಮಾತಿಗೆ ಬೇರೆಯೇ ತೂಕ ಬರುತ್ತದೆ, ಹೆತ್ತವಳ ಮಾತನ್ನು ಸುಮ್ಮನೆ ತಳ್ಳಿಹಾಕುವುದು ಕಷ್ಟ ಅನ್ನುತ್ತಾರೆ ಅವರು.

ಆ ಕಡೆಯ ವಕೀಲರ ವಾದ ಏನು ಗೊತ್ತೇ? ಪೇಪರಿನ ಹುಡುಗಿ ಪ್ರಚಾರಕ್ಕಾಗಿ ಅಕ್ಕನ ತಲೆ ಕೆಡಿಸಿದ್ದಾಳೆ, ತವರಿನವರಿಗೇ ಇದು ಒಪ್ಪಿಗೆಯಿಲ್ಲ. ನಿನ್ನ ಅಳಿಯ ನಮ್ಮ ಆಫೀಸಿಗೂ ಬಂದಿದ್ದ. ಇಸ್ತ್ರಿ ಅಂಗಿ, ಕೈಯಲ್ಲಿ ಸೋನಾ ಮಸೂರಿ ಚೀಲ. ಸಂಗಮೇಶ್ ಸರ್ ಮುಂದೆ ಕುರ್ಚಿಯ ತುದಿಯಲ್ಲಿ ಕೂತು, ನಾದಿನಿ ಹುಡುಗಾಟದಾಕಿ ಸರ್, ಸಣ್ಣಾಕಿದ್ದಾಗಿಂದ ಹಂಗ, ಮನಿ ಜಗಳ ಪೇಪರಿಗೆ ಬಂತು, ತಪ್ಪು ನಂದೇ ಇರಬೇಕು ಅಂದ. ಅವನು ಬಾಗಿಲು ದಾಟಿದ ಕೂಡಲೇ ಸರ್ ಚಷ್ಮಾ ಒರೆಸುತ್ತಾ, ಮನುಷ್ಯ ಸಭ್ಯ ಇದ್ದಾನಲ್ಲಮ್ಮಾ ಅಂದರು. ಪುಟ ತುಂಬಾ ಅಭಿಯಾನ ಬರೆಸಿದವರು. ನಾನು, ಹೌದು ಸರ್, ಪೈಪು ಮನೆಯಲ್ಲೇ ಬಿಟ್ಟು ಬಂದಿದ್ದಾನೆ ಅಂದೆ. ಚೀಲ ವಾಪಸು ಕೊಡೋಣ ಅಂತ ಮೆಟ್ಟಿಲವರೆಗೆ ಹೋದೆ. ಅವನು ನಗುತ್ತಲೇ, ನಿಮ್ಮವ್ವನ್ನ ಕೇಳಲೇ ಗೌತಮಿ, ಇಷ್ಟು ವರ್ಷಕ್ಕ ಆಕಿ ನನಗ ಒಂದರ ಮಾತು ಅಂದಾಳೇನು ಅಂದ. ನಾನು ಚೀಲವನ್ನು ಅವನ ಕಾಲ ಬಳಿ ಇಟ್ಟು ಒಳಗೆ ಬಂದೆ ಅವ್ವಾ. ಅವನಿಗೆ ಯಾವ ಸರ್ಟಿಫಿಕೇಟೂ ಬೇಕಿಲ್ಲ, ನೀನು ಸುಮ್ಮನಿದ್ದದ್ದೇ ಸಾಕು.

ಮೊನ್ನೆ ಶೇಖರ ಅಕ್ಕನಿಗೆ ಫೋನು ಹಚ್ಚಿದ. ಅವ್ವ ಅಂತಾಳ, ನಾ ಯಾವ ಫೋನೂ ಮಾಡಿಲ್ಲ, ಬಾ ಅಂತ ಅಂದಿಲ್ಲ, ನಂದೂಗೆ ಸುಳ್ಳು ಹೇಳಾಕ ಗೌತಮಿ ಕಲಿಸ್ಯಾಳ ಅಂತಾಳ ಅಂದ. ಭಾನುವಾರ ಓಬಳೇಶ ಕಾಕಾ ಜೀಪು ತರುತ್ತಾನೆ, ಅವ್ವ ಉಡಿ ಸಾಮಾನು ತಗೊಂಡು ಜೊತೆಗೆ ಬರುತ್ತಾಳೆ, ರಾಜಿ ಆಗಿದೆ, ಬಟ್ಟೆ ಕಟ್ಟಿಕೊಂಡಿರು ಅಂದ. ಅಕ್ಕ ಫೋನು ಕೆಳಗಿಟ್ಟಳು. ಅವ್ವ ಕರೀಲಿಲ್ಲ ಅಂದ್ರ ನಾ ಯಾರ ಮಾತಿಗೆ ಬಂದೆ ಅಂತ ಕೇಳಿದಳು. ನನ್ನನ್ನೇ ಕೇಳಿದಳೋ ಅವಳಷ್ಟಕ್ಕೇ ಕೇಳಿಕೊಂಡಳೋ. ಅವತ್ತಿನಿಂದ ಉಂಡದ್ದು ಅಷ್ಟಕ್ಕಷ್ಟೆ. ನಿನ್ನೆ ಸೀರೆ ಮಡಿಸಿ ಚೀಲಕ್ಕೆ ಹಾಕಿದಳು. ಚಿನ್ನಿಯ ತಾಟನ್ನೂ ಹಾಕಿದಳು.

ಕಾನೂನು ಇದೆ ಅಕ್ಕಾ ಅಂದೆ. ನಿನ್ನ ಕಾನೂನು ಇಲ್ಲಿ ಐತಿ, ನಾ ಇರಬೇಕಾದ್ದು ಅಲ್ಲಿ ಅಂದಳು. ಸೋಮವಾರದ ತನಕ ತಡಿ ಅಂದೆ. ಅವ್ವ ಬಂದು ಉಡಿ ತುಂಬಿದ್ರ ನಾ ಹೋಗಬೇಕು ಗೌತಮಿ, ಬ್ಯಾಡ ಅನ್ನಾಕ ನನಗ ಬರಂಗಿಲ್ಲ ಅಂದಳು. ಅವಳು ಭಾನುವಾರ ಹೋದರೆ ಸೋಮವಾರದ ಅರ್ಜಿ ಬಿದ್ದು ಹೋಗುತ್ತದೆ. ಹೊರಗೆ ಹೋಗಿ ಮರಳಿ ಬಂದವಳಿಗೆ ಆ ಮನೆಯಲ್ಲಿ ಏನು ಕಾದಿರುತ್ತದೆ ಅಂತ ನನ್ನ ಲೇಖನಗಳಿಗಿಂತ ನಿನಗೆ ಚೆನ್ನಾಗಿ ಗೊತ್ತು.

ಗೊತ್ತಿದೆ ಅಲ್ಲವೇ? ನೀನೂ ಒಮ್ಮೆ ಕೆಂಚನಗುಡ್ಡಕ್ಕೆ, ನಿನ್ನ ತವರಿಗೆ, ಹೇಳದೆ ಕೇಳದೆ ಹೋಗಿದ್ದೆಯಂತೆ, ಶೇಖರ ಹೊಟ್ಟೆಯಲ್ಲಿದ್ದಾಗ. ಅಜ್ಜಿ ಉಡಿ ತುಂಬಿ ಕಳಿಸಿದಳಂತೆ. ಯಾಕೆ ಹೋಗಿದ್ದೆ ಅಂತ ನಾನು ಯಾವತ್ತೂ ಕೇಳಲಿಲ್ಲ. ಊರ ಮಂದಿಯನ್ನೆಲ್ಲ ಪ್ರಶ್ನೆ ಕೇಳಿ ಸಂಬಳ ತಗೊಳ್ಳುವವಳು ನಾನು. ಅಪ್ಪನ ಫೋಟೋ ನೋಡಿ ನನಗೆ ಬಾಯಿ ಬರಲಿಲ್ಲ. ಈಗಲೂ ಕೇಳುತ್ತಿಲ್ಲ, ಹೆದರಬೇಡ.

ನಾನು ಕೇಳುವುದು ಇಷ್ಟೇ. ಭಾನುವಾರ ಬಾ, ಜೀಪಿನಲ್ಲೇ ಬಾ, ಆದರೆ ಬರಿಗೈಲಿ ಬಾ. ಅಕ್ಕಿ ನನ್ನ ಡಬ್ಬಿಯಲ್ಲಿದೆ, ಅನ್ನ ಮಾಡಿ ಉಣ್ಣೋಣ. ಸೋಮವಾರ ಕೋರ್ಟಿಗೆ ಬಂದು ಆ ಕೈಯ ನಿಜ ಹೇಳು. ಊರವರು ನಾಳೆ ನಿನ್ನನ್ನು ಕರೆಯುವುದು ಬಿಡುತ್ತಾರೆ, ಓಬಳೇಶ ಕಾಕಾ ಮಾತು ಬಿಡುತ್ತಾನೆ, ಈರಮ್ಮ ತನ್ನ ಮಗಳ ಸಂಸಾರಾನೇ ಮುರಿದಳು ಅನ್ನುತ್ತಾರೆ. ಅನ್ನಲಿ. ಮತ್ತು ಅಕ್ಕನ ಮುಂದೆ, ಫೋನು ಮಾಡಿದ್ದು ನಾನೇ ಅನ್ನು. ಯಾವ ಹೊತ್ತಿನಲ್ಲಿ, ಯಾಕೆ, ಆಮೇಲೆ ಯಾಕೆ ಇಲ್ಲ ಅಂದೆ, ಅದರ ವಿಚಾರಣೆ ನಾನು ಮಾಡುವುದಿಲ್ಲ, ಅವಳೂ ಮಾಡುವುದಿಲ್ಲ. ಆ ಫೋನು ನಿನ್ನದೇ ಆಗಲಿ. ನನ್ನ ಪೇಪರು, ಸಭೆ, ಮನವಿ ಎಲ್ಲ ಸೇರಿದರೂ ಅದೊಂದರ ಸಮ ಆಗಲಿಲ್ಲ.

ಇಂತಿ ನಿನ್ನ ಆಜ್ಞೆಯನ್ನು ಪಾಲಿಸದ, ನಿನ್ನ ಮೂಗನ್ನೇ ಹೊತ್ತು ತಿರುಗುವ,
ಗೌತಮಿ
ಅಧ್ಯಕ್ಷರು, ಅಖಿಲ ಬ್ರೂಸ್‌ಪೇಟೆ ಫ್ಯಾನ್ ಮಂಜೂರಾತಿ ಪ್ರಾಧಿಕಾರ

ತಾ.ಕ.: ಈ ತಾ.ಕ. ಇರುವ ತುಂಡನ್ನು ಮಾತ್ರ ಓದಿ, ಹರಿದು ಒಲೆಗೆ ಹಾಕು. ಆ ಶುಕ್ರವಾರ ನಾನು ಕುರುಗೋಡಿಗೆ ವರದಿಗೆ ಬಂದವಳು ಉಣ್ಣಾಕ ಮನೆಗೆ ಬಂದಿದ್ದೆ. ನೀನು ಮೆಣಸಿನಕಾಯಿ ಕಣಕ್ಕೆ ಹೋಗಿದ್ದೆ, ನಿನ್ನ ಫೋನು ಕಿಟಕಿಯಲ್ಲಿ ಚಾರ್ಜಿಗಿತ್ತು. ತಮಾಷೆ ಮಾಡೋಣ ಅಂತ ಅಕ್ಕನಿಗೆ ಹಚ್ಚಿ, ನಿನ್ನ ದನಿ ತೆಗೆದು, ಏನಬೇ ನಂದು, ಕೂಸಿಗೆ ಎಣ್ಣಿ ಹಚ್ಚಿ ಎರದೇನ ಅಂದೆ. ಅಷ್ಟಕ್ಕೇ ಅವಳು ಅತ್ತುಬಿಟ್ಟಳು. ನಾನು ಎಷ್ಟು ಸಲ ಕೇಳಿದರೂ ಚೆಂದ ಅದೀನಿ ಬಿಡು ಅನ್ನುತ್ತಿದ್ದವಳು, ಕರ್ಕಂಡು ಹೋಗವ್ವಾ ಅಂದಳು. ನಾನು ಗೌತಮಿ ಅಂತ ಹೇಳಾಕ ಬಾಯಿ ಬರಲಿಲ್ಲ. ನಿನ್ನ ದನಿಯಲ್ಲೇ ಬಾ ಅಂದೆ, ಕೋರ್ಟಿನ ಮಾತೂ ನಾನೇ ಆಡಿದೆ. ಕೋರ್ಟಿನಲ್ಲಿ ಫೋನಿನ ಬಗ್ಗೆ ಯಾರಾದರೂ ಕೇಳಿದರೆ ನಿಜ ಹೇಳು, ನನಗೆ ಆಗುವುದು ಆಗಲಿ. ಅಕ್ಕನಿಗೆ ಮಾತ್ರ ಹೇಳಬೇಡ. ಫೋನು ಇಡುವ ಮುಂಚೆ ಅವಳು, ಕೈ ಮುರಿದಾಗ ಯಾಕ ಈ ಮಾತು ಅನಲಿಲ್ಲವ್ವಾ ಅಂತ ಕೇಳಿದಳು. ಅದಕ್ಕೆ ನೀನು ಏನನ್ನುತ್ತಿದ್ದೆಯೋ ನನಗೆ ಗೊತ್ತಾಗಲಿಲ್ಲ. ನಿನ್ನ ಹಂಗೇ ಕೆಮ್ಮಿ ಕಟ್ ಮಾಡಿದೆ.